ಹೊರದೇಶದಲ್ಲಿದ್ದು ಕೊಡಗಿಗೆ ವಾಪಸ್ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 2010ರಿಂದ 2021ರವರೆಗೆ ಕೆನಡಾದ ಕ್ಯಾಲ್ಗರಿಯಲ್ಲಿದ್ದೆ. ಈಗ ಮಾದಾಪುರದ ಹತ್ತಿರ ನಮ್ಮ ತೋಟದ ಮನೆಯಲ್ಲಿದ್ದೇನೆ, ಅಮ್ಮ, ಅಣ್ಣ, ಅತ್ತಿಗೆ ಜೊತೆ. ವಾಪಸ್ ಬಂದ ಮೇಲೆ ನನ್ನ ಹಾಗೇ ಬಂದವರು ಸುಮಾರು ಜನ ಸಿಕ್ಕಿದರು. ದುಬೈಯಿಂದ ಬಂದವರು, ಐರ್ಲೆಂಡಿನಲ್ಲಿ ನರ್ಸ್ ಆಗಿದ್ದವರು, ಹಡಗಿನಲ್ಲಿ ಕೆಲಸ ಮಾಡಿದವರು. ಕೆಲವರು ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೇಳಿದರು. ಕೆಲವರು ಪತ್ರ ಬರೆದರು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರೂ ಇದ್ದಾರೆ. ಎಲ್ಲರ ಮಾತಿನ ಬುಡ ಹೆಚ್ಚುಕಮ್ಮಿ ಒಂದೇ: ಊರು ಬಿಟ್ಟು ಹೋಗದ ನಮ್ಮವರ ಜೊತೆ ಮನಸ್ಸು ಕೂಡುತ್ತಿಲ್ಲ. ಆ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಊರು ಬಿಟ್ಟಿದ್ದೇನೆ.

## ಬಂದ ಹೊಸತರಲ್ಲಿ

ಬಂದು ಎರಡು ತಿಂಗಳಾಯ್ತು. ಯಾರ ಹತ್ತಿರ ಕೂತರೂ ಐದು ನಿಮಿಷಕ್ಕೆ ಮಾತು ಖಾಲಿ. ನನಗೇ ಏನೋ ಆಗಿದೆಯಾ?

ನಿಮಗೇನೂ ಆಗಿಲ್ಲ. ಇದು ಬಹಳ ಜನರಿಗೆ ಆಗುವ ವಿಷಯ. ಹೊಸ ದೇಶಕ್ಕೆ ಹೋದವರು ಮೊದಲು ಖುಷಿಯಲ್ಲಿದ್ದು, ಆಮೇಲೆ ಕುಸಿದು, ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ ಅನ್ನುವುದನ್ನು 1950ರ ದಶಕದಲ್ಲೇ ಗುರುತಿಸಿದ್ದರು. 1963ರಲ್ಲಿ ಗುಲ್ಲಾಹಾರ್ನ್ ಎಂಬ ಅಮೆರಿಕದ ಸಂಶೋಧಕ ದಂಪತಿ ಇನ್ನೊಂದು ಮಾತು ಸೇರಿಸಿದರು: ಊರಿಗೆ ವಾಪಸ್ ಬಂದ ಮೇಲೂ ಅದೇ ಏರಿಳಿತ ಇನ್ನೊಂದು ಸಲ ಬರುತ್ತದೆ.

ನನ್ನ ಅನುಭವದಲ್ಲಿ ಎರಡನೇ ಸಲದ್ದೇ ಕಷ್ಟ. ಹೋಗುವಾಗ ಎಲ್ಲ ಹೊಸತು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿರುತ್ತೇವೆ. ಕ್ಯಾಲ್ಗರಿಯಲ್ಲಿ ಯಾರಿಗೂ ನನ್ನ ಮಾತು ಅರ್ಥವಾಗದಿದ್ದಾಗ ಬೇಜಾರಾಗಲಿಲ್ಲ. ಅವರು ಬೇರೆಯವರು ಅಲ್ವಾ? ನಮ್ಮ ಜಗಲಿಯಲ್ಲಿ ಕೂತು, ನಮ್ಮ ಚಿಕ್ಕಮ್ಮನ ಎದುರೇ ಮಾತು ತಪ್ಪಿಹೋದಾಗ ಎದೆ ಕುಸಿಯಿತು.

ಎಷ್ಟು ದಿನ ಹೀಗಿರುತ್ತದೆ?

ಲೆಕ್ಕ ಹೇಳಲು ಆಗುವುದಿಲ್ಲ. ನನಗೆ ಎರಡು ಕಾಫಿ ಕೊಯ್ಲು ಮುಗಿಯುವಷ್ಟು ಹಿಡಿಯಿತು. ಹದಿನೈದು ವರ್ಷ ಹೊರಗಿದ್ದವರು ಒಬ್ಬರು ಆರು ತಿಂಗಳಲ್ಲಿ ಹೊಂದಿಕೊಂಡರು, ಬರೀ ಮೂರು ವರ್ಷ ಇದ್ದವರು ಒಬ್ಬರು ಈಗಲೂ ಒದ್ದಾಡುತ್ತಿದ್ದಾರೆ. ತಾವೇ ಬಯಸಿ ಬಂದವರಿಗೂ, ಕೆಲಸ ಹೋಗಿ ಅಥವಾ ವೀಸಾ ಮುಗಿದು ಬಂದವರಿಗೂ ತುಂಬ ವ್ಯತ್ಯಾಸ ಇರುವುದನ್ನು ನೋಡಿದ್ದೇನೆ.

ನಾನು ಅಲ್ಲಿಯ ಬದುಕಿನ ಬಗ್ಗೆ ಹೇಳಲು ಹೊರಟರೆ "ಹೌದಾ" ಅಂತ ಹೇಳಿ ಮಳೆ ವಿಷಯಕ್ಕೆ ಹೋಗಿಬಿಡುತ್ತಾರೆ. ಇವರಿಗೆ ಬೇರೆ ಮಾತೇ ಇಲ್ಲವಾ?

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಅತಿ ಹೆಚ್ಚು ಬಂದಿದೆ. ನನ್ನದೂ ಇದೇ ದೂರು ಆಗಿತ್ತು.

ನಮ್ಮ ಕಡೆ ಮಳೆ ಹೊತ್ತು ಕಳೆಯುವ ಮಾತಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು ಹೂ ಮಳೆ ಬಂದರೆ ಒಂದು ವಾರ, ಹತ್ತು ದಿನದಲ್ಲಿ ರೋಬಸ್ಟಾ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಬರೀ ಇಪ್ಪತ್ತು ಸೆಂಟ್ ಬಂದು ನಿಂತುಬಿಟ್ಟರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ. ಹೂ ಅರಳಿದ ದಿನವೇ ಜೋರಾಗಿ ಬಿದ್ದರೂ ಕಷ್ಟ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಸ್ಪ್ರಿಂಕ್ಲರ್ ಇಲ್ಲದ ಮನೆಗೆ ಆ ವರ್ಷದ ಮಗಳ ಫೀಸು, ಮನೆಯ ಹೆಂಚು, ಬ್ಯಾಂಕಿನ ಸಾಲ ಎಲ್ಲ ಆ ಒಂದು ಇಂಚಿನಲ್ಲಿದೆ. ನೂರು ಸೆಂಟ್ ಸೇರಿದರೆ ಒಂದು ಇಂಚು ಅನ್ನುವುದೇ ಹೊರಗೆ ಬೆಳೆದ ಮಕ್ಕಳಿಗೆ ಗೊತ್ತಿರುವುದಿಲ್ಲ. ಹೇಳಿಕೊಡಿ.

ಹಾಗಾಗಿ "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅಂತ ಕೇಳಿದವರು ನಿಮ್ಮನ್ನು ತಳ್ಳಿಹಾಕಿಲ್ಲ. ತಮಗೆ ಮುಖ್ಯವಾದ ಮಾತಿಗೆ ನಿಮ್ಮನ್ನೂ ಕರೆದಿದ್ದಾರೆ. ಉತ್ತರ ಗೊತ್ತಿದ್ದರೆ ಒಳಗೆ ಬಂದ ಹಾಗೆ. ನಾನು ಬಂದ ಎರಡನೇ ವರ್ಷ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಬರೆಯುವ ಕೆಲಸ ನಾನೇ ತೆಗೆದುಕೊಂಡೆ. ಮಾತು ಅಲ್ಲಿಂದ ಶುರುವಾಯಿತು.

ನಿಮ್ಮ ಕಥೆಯನ್ನು ಅವರು ಯಾಕೆ ಕೇಳುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನೋಡಿರದ ಜಾಗದ ಬಗ್ಗೆ ಏನು ಕೇಳಬೇಕು ಅಂತ ತೋಚುವುದಿಲ್ಲ. ದೊಡ್ಡ ಕಥೆ ಬಿಟ್ಟು ಕೈಗೆ ಸಿಗುವುದನ್ನು ಹೇಳಿ. ನಾನು ರಾಕಿ ಬೆಟ್ಟಗಳ ಫೋಟೋ ತೋರಿಸಿದಾಗ ಯಾರೂ ಎರಡನೇ ಸಲ ನೋಡಲಿಲ್ಲ. ಮೈನಸ್ ಮೂವತ್ತು ಡಿಗ್ರಿಯಲ್ಲಿ ಹೊರಗೆ ಒಣಹಾಕಿದ ಬಟ್ಟೆ ಹಲಗೆಯ ಹಾಗೆ ಗಟ್ಟಿಯಾಗುತ್ತದೆ ಅಂದೆ. ಅತ್ತಿಗೆ ಒಲೆ ಮುಂದಿಂದ ಎದ್ದು ಬಂದರು. ಜುಲೈ, ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಬಟ್ಟೆ ಒಣಗದೆ ಕಷ್ಟಪಟ್ಟವರಿಗೆ ಆ ಮಾತು ನೇರ ತಾಗುತ್ತದೆ.

"ಯಾವಾಗ ಬಂದದ್ದು? ಯಾವಾಗ ವಾಪಸ್?" ಕೇಳಿ ಕೇಳಿ ಸಾಕಾಗಿದೆ. ಏನು ಹೇಳಲಿ?

"ಇಲ್ಲೇ ಇದ್ದೇನೆ" ಅಂತ ಹೇಳಿ. ಮೊದಲ ವರ್ಷ ನಂಬುವುದಿಲ್ಲ. ಎರಡನೇ ಮಳೆಗಾಲದಲ್ಲೂ ನೀವು ಕೊಡೆ ಹಿಡಿದು ಸಂತೆಯಲ್ಲಿ ಕಂಡರೆ ಆ ಪ್ರಶ್ನೆ ತಾನಾಗಿ ನಿಲ್ಲುತ್ತದೆ.

ಮಾತಾಡುವಾಗ ನಡುವೆ ಇಂಗ್ಲಿಷ್ ಬಂದುಬಿಡುತ್ತದೆ. ಜಂಬ ಅಂದುಕೊಳ್ಳುತ್ತಾರೆ.

ಇಂಗ್ಲಿಷ್ ಪದಕ್ಕೆ ನಮ್ಮ ಜಿಲ್ಲೆಯಲ್ಲಿ ಯಾರೂ ಬೆಚ್ಚುವುದಿಲ್ಲ. ಎಸ್ಟೇಟ್, ರೈಟರ್, ಪಾರ್ಚ್‌ಮೆಂಟ್, ಔಟ್‌ಟರ್ನ್ ಅಂತ ಅಜ್ಜಂದಿರೇ ಆಡಿದ್ದಾರೆ. ಅವರನ್ನು ಚುಚ್ಚುವುದು ಮನೆಮಾತು ತಪ್ಪಿದ್ದು. ಒಬ್ಬರು ಅರೆಭಾಷೆಯಲ್ಲಿ ಕೇಳಿದಾಗ ನೀವು ಬೆಂಗಳೂರು ಕನ್ನಡದಲ್ಲಿ ಉತ್ತರಿಸಿದರೆ, ಕೊಡವ ತಕ್ಕ್‌ನಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದರೆ, ಬಾಗಿಲು ಹಾಕಿದಂತೆ ಅನ್ನಿಸುತ್ತದೆ. ತಪ್ಪು ತಪ್ಪಾದರೂ ಮನೆಮಾತಿನಲ್ಲೇ ಆಡಿ. ನಾನು ಅಮ್ಮನ ಹತ್ತಿರ "ನಾನು ತಪ್ಪಿದರೆ ಅಲ್ಲೇ ತಿದ್ದಿ" ಅಂತ ಹೇಳಿಟ್ಟಿದ್ದೆ. ತಿದ್ದುವುದರಲ್ಲಿ ಅವರಿಗೆ ಬಹಳ ಸಂತೋಷ ಇತ್ತು.

## ಮನೆಯೊಳಗೆ

ಅಣ್ಣ ಊರು ಬಿಟ್ಟು ಹೋದವನಲ್ಲ. ಮೊದಲು ಎಲ್ಲ ಹೇಳಿಕೊಳ್ಳುತ್ತಿದ್ದ. ಈಗ ನನ್ನ ಹತ್ತಿರ ಬಿಗಿಯಾಗಿರುತ್ತಾನೆ. ನಾನೇನು ತಪ್ಪು ಮಾಡಿದೆ?

ಇದಕ್ಕೆ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಅಣ್ಣನಿಗೆ ಹೇಳಿ, ಅವನು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಬಂದ ಮೊದಲ ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಅತಿಥಿಗಳ ಹಾಗೆ ಇದ್ದೆವು. ಊಟ ಆಯ್ತಾ, ಕೆಲಸದವರು ಬಂದರಾ, ಅಷ್ಟೇ. ಹೊರಗೆ ಹೋಗದ್ದರಿಂದ ಇವನ ಮನಸ್ಸು ಚಿಕ್ಕದಾಗಿದೆ ಅಂತ ನಾನು ನಿಜವಾಗಿ ಅಂದುಕೊಂಡಿದ್ದೆ.

ಒಂದು ದಿನ ಅಪ್ಪನ ಮಳೆ ಲೆಕ್ಕದ ಪುಸ್ತಕಗಳನ್ನು ಜೋಡಿಸಿಡುತ್ತಿದ್ದೆ. ಅಪ್ಪ ತೀರಿಹೋದ ಮೇಲೆ ಅಣ್ಣನೇ ಅದನ್ನು ಮುಂದುವರಿಸಿದ್ದ. ದಿನಕ್ಕೊಂದು ಸಾಲು, ಇಂಚು, ಸೆಂಟು. 2018ರ ಆಗಸ್ಟ್ ಪುಟದಲ್ಲಿ 15ನೇ ತಾರೀಖಿನವರೆಗೆ ಬರೆದಿದೆ. ಆಮೇಲೆ ಒಂಬತ್ತು ಸಾಲು ಖಾಲಿ.

ಆ ವಾರ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. ಮನೆ, ತೋಟ, ರಸ್ತೆ ಹೋದವು, ಜೀವಗಳೂ ಹೋದವು. ನಾನು ಕ್ಯಾಲ್ಗರಿಯಲ್ಲಿ ಟಿವಿ ನೋಡುತ್ತಾ ಫೋನ್ ಹಚ್ಚುತ್ತಿದ್ದೆ, ಲೈನ್ ಸಿಗುತ್ತಿರಲಿಲ್ಲ. ಕೊನೆಗೆ ಸಿಕ್ಕಾಗ "ಎಲ್ಲ ಆರಾಮಾ?" ಅಂದೆ. "ಆರಾಮ" ಅಂದ. ನಾನು ಅದನ್ನು ನಂಬಿ ಬಿಟ್ಟೆ.

ಪುಸ್ತಕ ಹಿಡಿದು ಅವನ ಹತ್ತಿರ ಹೋಗಿ "ಈ ಒಂಬತ್ತು ದಿನ ಎಲ್ಲಿದ್ರಿ?" ಅಂತ ಕೇಳಿದೆ. ಮೂರು ವರ್ಷದಲ್ಲಿ ಯಾರೂ ಅವನನ್ನು ಅದು ಕೇಳಿರಲಿಲ್ಲವಂತೆ. ಎರಡು ಗಂಟೆ ಮಾತಾಡಿದ. ರಾತ್ರಿ ಗುಡ್ಡದಿಂದ ಬಂದ ಸದ್ದು, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದದ್ದು, ಪರಿಹಾರ ಕೇಂದ್ರದ ನೆಲ, ಬಿಚ್ಚಲು ಆಗದೆ ಹಸುಗಳನ್ನು ಬಿಟ್ಟು ಬಂದದ್ದು. ಆಮೇಲೆ 2019ರ ಮಳೆ, ಆ ವರ್ಷ ತೋರ ಎಂಬ ಊರಿನಲ್ಲಿ ಗುಡ್ಡ ಕುಸಿದದ್ದು, 2020ರಲ್ಲಿ ತಲಕಾವೇರಿಯ ಗುಡ್ಡ ಜಾರಿದ್ದು. ಪ್ರತಿ ಆಗಸ್ಟ್‌ನಲ್ಲೂ ಅವನು ರಾತ್ರಿ ಎದ್ದು ಕೂರುತ್ತಾನೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ನಾವು ಹೊರಗಿದ್ದ ವರ್ಷಗಳಲ್ಲಿ ಇಲ್ಲಿದ್ದವರ ಬದುಕು ನಿಂತಿರಲಿಲ್ಲ. ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು, ಆನೆ ಬಂದು ಬಾಳೆ ಮುರಿದ ಬೆಳಿಗ್ಗೆ ಎದ್ದು ನೋಡಿದವರು, ಕೊಯ್ಲಿಗೆ ಜನ ಸಿಗದೆ ತಾವೇ ಚೀಲ ಕಟ್ಟಿಕೊಂಡವರು ಅವರು. ನಮ್ಮ ಹನ್ನೊಂದು ವರ್ಷಕ್ಕೆ ಫೋಟೋ ಇದೆ, ಕಥೆ ಇದೆ. ಅವರ ಹನ್ನೊಂದು ವರ್ಷವನ್ನು ಯಾರೂ ಕೇಳಿಲ್ಲ. ನೀವು ಮೊದಲು ಕೇಳಿ. "ನಾನಿಲ್ಲದಾಗ ಏನೇನಾಯ್ತು" ಅಂತ ಒಟ್ಟಾಗಿ ಕೇಳಿದರೆ "ಎಂತದೂ ಇಲ್ಲ" ಅಂತಾರೆ. ಒಂದು ವರ್ಷ, ಒಂದು ರಾತ್ರಿ, ಒಂದು ಸಾಲು ಹಿಡಿದು ಕೇಳಬೇಕು.

ನನ್ನ ಕೆಟ್ಟ ಚಳಿಗಾಲದ ಬಗ್ಗೆ, ಕೆಲಸ ಹೋಗಿ ಒಬ್ಬಳೇ ಇದ್ದ ನಾಲ್ಕು ತಿಂಗಳ ಬಗ್ಗೆ ಅವನು ಕೇಳಿದ್ದು ಮುಂದಿನ ವರ್ಷ. ಕಣದಲ್ಲಿ ಕಾಫಿ ಹರಡುತ್ತಾ ಕೇಳಿದ. ಹೇಳಿದೆ.

"ಅಲ್ಲಿ ಹೀಗೆ ಮಾಡ್ತಾರೆ" ಅಂದರೆ ಸಾಕು, ಅಪ್ಪನಿಗೆ ಕೋಪ ಬರುತ್ತದೆ. ಒಳ್ಳೆಯದನ್ನು ಹೇಳುವುದೂ ತಪ್ಪಾ?

ಒಳ್ಳೆಯದನ್ನು ಹೇಳಿ, "ಅಲ್ಲಿ" ಅನ್ನುವುದನ್ನು ಬಿಡಿ. ಕಸ ಬೇರೆ ಮಾಡಬೇಕು ಅನ್ನಿಸಿದರೆ ಎರಡು ಡಬ್ಬ ಇಟ್ಟು ನೀವೇ ಮಾಡಿ. ಔಷಧಿ ಹೊಡೆಯುವ ಕೆಲಸದವರಿಗೆ ಮಾಸ್ಕ್, ಗ್ಲೌಸ್ ಬೇಕು ಅನ್ನಿಸಿದರೆ ತಂದುಕೊಡಿ. ಮೂವತ್ತು ವರ್ಷ ಒಂದೇ ಮನೆ ನಡೆಸಿದವರಿಗೆ ಪ್ರತಿ ಹೋಲಿಕೆಯೂ ಅವರ ಮೇಲಿನ ದೂರಾಗಿ ಕೇಳುತ್ತದೆ. ನಾನೊಮ್ಮೆ ಒಂದು ದಿನದಲ್ಲಿ ಎಷ್ಟು ಸಲ "ಅಲ್ಲಿ" ಅಂದೆ ಅಂತ ಎಣಿಸಿದೆ. ಮಧ್ಯಾಹ್ನದೊಳಗೆ ಹದಿನಾಲ್ಕು.

ನನ್ನ ಹೆಂಡತಿ ಮದುವೆಗೆ ಮೊದಲು ಸುಳ್ಯ ಬಿಟ್ಟು ದೂರ ಹೋದವಳಲ್ಲ. ನನ್ನ ಎಂಟು ವರ್ಷ ಅವಳಿಗೆ ಅರ್ಥವಾಗಲ್ಲ ಅನ್ನಿಸುತ್ತದೆ.

ಅವರಿಗೆ ಅರ್ಥವಾಗಬಹುದು, ಬಹುಶಃ ಬೇರೆಯವರಿಗಿಂತ ಜಾಸ್ತಿ. ಯೋಚನೆ ಮಾಡಿ ನೋಡಿ. ಹುಟ್ಟಿದ ಮನೆ ಬಿಟ್ಟು, ಘಟ್ಟ ಹತ್ತಿ, ಬೇರೆ ಊಟ, ಬೇರೆ ಚಳಿ, ಬೇರೆ ಮಾತಿನ ರೀತಿ ಇರುವ ಮನೆಗೆ ಬಂದು ಒಂದೊಂದಾಗಿ ಕಲಿತವರು ಅವರು. ತವರಿಗೆ ಹೋದಾಗ ಅಲ್ಲಿಯೂ ಏನೋ ಬದಲಾಗಿರುತ್ತದೆ, ತನ್ನ ಕೋಣೆಯಲ್ಲಿ ಬೇರೆಯವರು ಮಲಗಿರುತ್ತಾರೆ. ನಿಮಗೆ ಈಗ ಆಗುತ್ತಿರುವುದು ಅವರಿಗೆ ಆಗಲೇ ಆಗಿದೆ. "ಮದುವೆಯಾದ ಹೊಸತರಲ್ಲಿ ನಿನಗೆ ಹೇಗಿತ್ತು?" ಅಂತ ಇವತ್ತು ರಾತ್ರಿ ಕೇಳಿ.

ಮಗಳು ಮೆಲ್ಬರ್ನಿನಲ್ಲಿ ಹುಟ್ಟಿದವಳು. ಶಾಲೆಯಲ್ಲಿ ಸ್ನೇಹಿತರಿಲ್ಲ, "ಇವರಿಗೆ ಏನೂ ಗೊತ್ತಿಲ್ಲ" ಅನ್ನುತ್ತಾಳೆ.

ನಿಮಗೆ ಇದು ವಾಪಸ್ ಬಂದದ್ದು. ಅವಳಿಗೆ ಊರು ಬಿಟ್ಟು ಹೋದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಪ್ಪ ಅಮ್ಮನ ಊರಲ್ಲಿ ಬೆಳೆಯದೆ, ಎರಡರ ನಡುವೆ ತನ್ನದೇ ಲೋಕ ಕಟ್ಟಿಕೊಳ್ಳುವ ಇಂಥ ಮಕ್ಕಳನ್ನು "ಮೂರನೇ ಸಂಸ್ಕೃತಿಯ ಮಕ್ಕಳು" ಅಂತ ಕರೆದವರು ರೂತ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ. 1950ರ ದಶಕದಲ್ಲಿ ಅವರು ಗಂಡನ ಜೊತೆ ಭಾರತಕ್ಕೆ ಬಂದು, ಪಶ್ಚಿಮದಲ್ಲಿ ಓದಿ ಊರಿಗೆ ಮರಳಿದ ಭಾರತೀಯರ ಬಗ್ಗೆಯೂ ಅಧ್ಯಯನ ಮಾಡಿದ್ದರು. ನಮ್ಮ ಕಷ್ಟ ಅಷ್ಟು ಹಳೆಯದು.

ಮಗಳಿಗೆ ಹಳೆಯ ಸ್ನೇಹಿತರ ಜೊತೆ ವಾರಕ್ಕೊಮ್ಮೆ ಮಾತಾಡಲು ಬಿಡಿ. ಇಲ್ಲಿ ಒಬ್ಬ ಗೆಳತಿ ಸಾಕು, ಇಡೀ ಕ್ಲಾಸ್ ಬೇಡ. ಆ ಗೆಳತಿಗೆ ಗೊತ್ತಿರುವ ಒಂದು ಕೆಲಸ, ಹೊಳೆಯಲ್ಲಿ ಏಡಿ ಹಿಡಿಯುವುದೋ ಮರ ಹತ್ತುವುದೋ, ಇವಳು ಕಲಿಯಲಿ. ಕಲಿಸಿದವಳ ಬಗ್ಗೆ "ಏನೂ ಗೊತ್ತಿಲ್ಲ" ಅನ್ನಲು ಆಗುವುದಿಲ್ಲ.

## ಊರಿನ ನಡುವೆ

ನಿಜ ಹೇಳಬೇಕೆಂದರೆ, ಊರು ಬಿಟ್ಟು ಹೋಗದವರ ಲೋಕ ಚಿಕ್ಕದು ಅನ್ನಿಸುತ್ತದೆ. ಹಾಗನ್ನಿಸುವುದು ತಪ್ಪಾ?

ಅನ್ನಿಸುವುದು ತಪ್ಪಲ್ಲ. ಆದರೆ ಯಾರು "ಹೋಗದವರು" ಅಂತ ಸ್ವಲ್ಪ ಎಣಿಸಿ ನೋಡೋಣ.

ಬಸ್ಸಿನಲ್ಲಿ ಪಕ್ಕ ಕೂತ ಆ ವಯಸ್ಸಾದವರು ಸೇನೆಯಲ್ಲಿದ್ದು ಲೇಹ್, ತವಾಂಗ್ ಎರಡೂ ಕಂಡವರಿರಬಹುದು. ನಮ್ಮ ಜಿಲ್ಲೆಯವರೇ ಆದ ಜನರಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿದ್ದು, ಆಮೇಲೆ ಮಡಿಕೇರಿಗೇ ಬಂದು ನೆಲೆಸಿದರು. ಇಲ್ಲಿಯವರೇ ಆದ ಜನರಲ್ ತಿಮ್ಮಯ್ಯನವರು ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿದ್ದಾಗಲೇ 1965ರಲ್ಲಿ ತೀರಿಕೊಂಡರು. ತೋಟದ ಕೆಲಸದವರ ಲೈನ್‌ಮನೆಯಲ್ಲಿರುವ ಅಸ್ಸಾಮಿನ ಹುಡುಗ ಮೂರು ದಿನ ರೈಲಿನಲ್ಲಿ ಕೂತು, ಸುಮಾರು 3,000 ಕಿಲೋಮೀಟರ್ ದಾಟಿ, ಗೊತ್ತಿಲ್ಲದ ಭಾಷೆಯ ಊರಿಗೆ ಬಂದಿದ್ದಾನೆ. ಕುಶಾಲನಗರದ ಹೊಳೆಯಾಚೆ ಬೈಲುಕುಪ್ಪೆಯ ಟಿಬೆಟನ್ ಹಿರಿಯರು ಹಿಮಾಲಯ ದಾಟಿ ಬಂದವರು. ಅವರಿಗೆ ವಾಪಸ್ ಹೋಗಲು ಊರೇ ಇಲ್ಲ. ವಿಮಾನ ಹತ್ತಿ ಹೋದವರನ್ನು ಮಾತ್ರ ಲೋಕ ಕಂಡವರು ಅಂತ ಎಣಿಸುವ ಅಭ್ಯಾಸ ನನಗೂ ಇತ್ತು.

ಇನ್ನು, ನಿಜವಾಗಿ ಎಲ್ಲೂ ಹೋಗದವರು. ನಮ್ಮ ದೊಡ್ಡಮ್ಮ ಮೈಸೂರಿನಾಚೆ ನೋಡಿಲ್ಲ. ಯಾವ ಅಣಬೆ ತಿನ್ನಬಹುದು, ಯಾವುದು ಮುಟ್ಟಬಾರದು, ಕಣಿಲೆಯನ್ನು (ಎಳೆ ಬಿದಿರು) ಎಷ್ಟು ದಿನ ನೀರಲ್ಲಿ ನೆನೆಸಿದರೆ ಕಹಿ ಹೋಗುತ್ತದೆ, ಯಾವ ಮನೆಗೂ ಯಾವ ಮನೆಗೂ ಯಾಕೆ ಮಾತಿಲ್ಲ, ಯಾರು ಯಾರಿಗೆ ಕಷ್ಟದಲ್ಲಿ ಭತ್ತ ಕೊಟ್ಟಿದ್ದರು, ಎಲ್ಲ ಗೊತ್ತು. ಅವರ ಲೋಕ ಅಗಲ ಕಡಿಮೆ, ಆಳ ಜಾಸ್ತಿ. ನಾನು ಕ್ಯಾಲ್ಗರಿಯಲ್ಲಿ ಹನ್ನೊಂದು ವರ್ಷ ಇದ್ದೂ ಪಕ್ಕದ ಮನೆಯವರ ಅಪ್ಪನ ಹೆಸರು ತಿಳಿದಿರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಕೆಲವು ಸಂಕುಚಿತತನ ನಿಜವಾದದ್ದೇ. ಲೈನ್‌ಮನೆಯವರಿಗೆ ಬೇರೆ ಲೋಟ ಇಡುವುದು, ಹೆಣ್ಣುಮಗಳು ಒಬ್ಬಳೇ ವಾಪಸ್ ಬಂದರೆ ಕೆದಕಿ ಕೆದಕಿ ಕೇಳುವುದು. ಊರಿಗೆ ಹೊಂದಿಕೊಳ್ಳಬೇಕು ಅಂತ ಇವನ್ನೂ ನುಂಗಬೇಕಿಲ್ಲ. ನಮ್ಮ ಮನೆಯಲ್ಲಿ ಆ ಲೋಟ ನಾನು ತೆಗೆದಿಟ್ಟೆ. ಎರಡು ತಿಂಗಳು ಮುನಿಸಿತ್ತು. ಈಗ ಎಲ್ಲರಿಗೂ ಒಂದೇ ಸ್ಟೀಲ್ ಲೋಟ. ಇಂಥದ್ದು ಊರು ಬಿಡದವರಿಗೂ ಸರಿ ಕಾಣುವುದಿಲ್ಲ. ನನ್ನ ಜೊತೆ ಮೊದಲು ನಿಂತದ್ದು ಅತ್ತಿಗೆ.

ಮದುವೆ, ಸಾವು, ಹುತ್ತರಿ, ಊರ ಹಬ್ಬ, ಎಲ್ಲದಕ್ಕೂ ಹೋಗಬೇಕಾ?

ಎಲ್ಲದಕ್ಕೂ ಆಗುವುದಿಲ್ಲ. ಸಾವಿನ ಮನೆ ಮಾತ್ರ ತಪ್ಪಿಸಬೇಡಿ. ಹಿಂದೆ ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು. ಈಗ ವಾಟ್ಸಾಪ್ ಬರುತ್ತದೆ. ಜನ ಹಾಗೇ ಕೈಕೆಲಸ ಬಿಟ್ಟು ಬರುತ್ತಾರೆ. ಅಲ್ಲಿ ಮಾತಾಡಬೇಕಾಗಿಲ್ಲ. ಕುರ್ಚಿ ಹಾಕಿ, ಕಾಫಿ ಹಂಚಿ, ಸೌದೆ ಹೊತ್ತು ಕೊಡಿ. ಮಾತು ಕೂಡದ ಜನರ ಜೊತೆ ನಾನು ಮೊದಲು ಕೂಡಿದ್ದು ಇಂಥ ಅಂಗಳಗಳಲ್ಲೇ.

ಹಳೆ ಗೆಳೆಯರ ಜೊತೆ ಕೂತರೆ ಹೈಸ್ಕೂಲ್ ಕಥೆ ಮುಗಿದ ಮೇಲೆ ಏನೂ ಇಲ್ಲ.

ಎದುರು ಬದುರು ಕೂರುವುದನ್ನು ಕಡಿಮೆ ಮಾಡಿ, ಪಕ್ಕ ಪಕ್ಕ ನಿಲ್ಲುವ ಕೆಲಸ ಹುಡುಕಿ. ಕಾಳುಮೆಣಸು ಕೊಯ್ಲಿಗೆ ಏಣಿ ಹಿಡಿಯಿರಿ, ನಾಟಿಗೆ ಗದ್ದೆಗೆ ಇಳಿಯಿರಿ. ಹಾಕಿ ಪಂದ್ಯಕ್ಕೆ ಹೋಗಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿದ್ದವು. ಅಜ್ಜ, ಮೊಮ್ಮಗ, ಬೆಂಗಳೂರಿನ ಸೊಸೆ ಎಲ್ಲ ಒಂದೇ ತಂಡದಲ್ಲಿ ಆಡುವ ಆಟ ಅದು. ಗ್ಯಾಲರಿಯಲ್ಲಿ ಯಾವ ಜಾತಿಯವರಾದರೂ ಕೂತು ಕೂಗಬಹುದು.

## ವರ್ಷಗಳಾದ ಮೇಲೂ ಉಳಿಯುವ ಪ್ರಶ್ನೆಗಳು

ಹೊರಗೆ ಇದ್ದು ಬಂದವರ ಜೊತೆ ಮಾತ್ರ ಹಗುರ ಅನ್ನಿಸುತ್ತದೆ. ಅವರ ಜೊತೆಯೇ ಇದ್ದುಬಿಡಲಾ?

ಅಂಥ ಇಬ್ಬರು ಮೂವರು ಬೇಕೇ ಬೇಕು. ವಿವರಿಸದೆ ಮಾತಾಡುವ ಸುಖ ದೊಡ್ಡದು. ನಾವು ನಾಲ್ಕು ಜನ ತಿಂಗಳಿಗೊಮ್ಮೆ ಸುಂಟಿಕೊಪ್ಪದಲ್ಲಿ ಸೇರುತ್ತೇವೆ. ಊರಿನವರ ಬಗ್ಗೆ ದೂರು ಹೇಳುವುದಕ್ಕೆ ಮೊದಲ ಅರ್ಧ ಗಂಟೆ ಮಾತ್ರ ಅಂತ ಒಂದು ನಿಯಮ ಮಾಡಿಕೊಂಡಿದ್ದೇವೆ. ಅದಿಲ್ಲದ ದಿನಗಳಲ್ಲಿ ಮನೆಗೆ ಬರುವಾಗ ಮನಸ್ಸು ಇನ್ನೂ ಕಹಿಯಾಗಿರುತ್ತಿತ್ತು.

ಇಲ್ಲೂ ಸಲ್ಲದೆ ಅಲ್ಲೂ ಸಲ್ಲದೆ ಹೋದೆ ಅನ್ನಿಸುತ್ತದೆ. ಇದು ಹೋಗುತ್ತದಾ?

ಪೂರ್ತಿ ಹೋಗುವುದಿಲ್ಲ ಅಂತ ನನಗನ್ನಿಸುತ್ತದೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಗೌರಮ್ಮ ನೆನಪಾಗುತ್ತಾಳೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಈ ಮಗಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆ ಆದಳು. ಆಗ ಅವಳಿಗೆ ಸುಮಾರು ಹನ್ನೊಂದು ವರ್ಷ. ಮುಂದೆ ಅವಳು ಭಾರತಕ್ಕೆ ಮರಳಲೇ ಇಲ್ಲ. 1864ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಇಪ್ಪತ್ತೆರಡು ವರ್ಷ. ಅವಳಿಗೆ ಹೋಗುವುದೂ ಉಳಿಯುವುದೂ ಕೈಯಲ್ಲಿರಲಿಲ್ಲ.

ನಮಗೆ ಇದೆ. ನಾನು ಈಗಲೂ ಡಿಸೆಂಬರಿನಲ್ಲಿ ಹಿಮದ ವಾಸನೆಗೆ ಹಂಬಲಿಸುತ್ತೇನೆ. ಅಲ್ಲಿದ್ದಾಗ ಮಾರ್ಚ್ ಬಂದರೆ ಕಾಫಿ ಹೂವಿನ ವಾಸನೆಗೆ ಹಂಬಲಿಸುತ್ತಿದ್ದೆ. ಇದನ್ನು ರೋಗ ಅಂದುಕೊಂಡಿದ್ದ ವರ್ಷಗಳಲ್ಲಿ ಜಾಸ್ತಿ ನೋವಾಯಿತು. ಈಗ ಹಿಮ ನೆನಪಾದರೆ ಹಿಮ ನೆನಪಾಯಿತು ಅಂತ ಅತ್ತಿಗೆಗೆ ಹೇಳುತ್ತೇನೆ.

ಇದು ಬರೀ ಒಂಟಿತನವೋ, ಕಾಯಿಲೆಯೋ ಹೇಗೆ ತಿಳಿಯುವುದು?

ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ ಕಾಯಬೇಡಿ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ, ಕರೆಂಟಿಲ್ಲದೆ ಒಳಗೇ ಕೂತಾಗ ಇದು ಹೆಚ್ಚುವುದನ್ನು ನೋಡಿದ್ದೇನೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಬಹುದು. ಯಾರಾದರೂ ನೋಡಿಯಾರು ಅನ್ನುವ ಅಂಜಿಕೆ ಇದ್ದರೆ ಮೈಸೂರಿಗೆ ಹೋಗಿ. ಹೋಗಿ ಅಷ್ಟೇ.

ಎಲ್ಲ ಮಾಡಿ ನೋಡಿದೆ. ವಾಪಸ್ ಹೊರಟುಬಿಡಲಾ?

ಹೋಗಬಹುದು. ಹಾಗೆ ಹೋದವರನ್ನು ಸೋತವರು ಅಂತ ನಾನು ಅಂದುಕೊಂಡಿಲ್ಲ. ಒಂದೇ ಕೋರಿಕೆ, ಒಂದು ವರ್ಷ ಪೂರ್ತಿ ಕಂಡು ತೀರ್ಮಾನ ಮಾಡಿ. ಬರೀ ಮಳೆಗಾಲ ನೋಡಿ ಹೋದವರು ಕೊಯ್ಲಿನ ಗಲಾಟೆ, ಹುತ್ತರಿಯ ಕದಿರು, ಹೂ ಮಳೆ ಬಿದ್ದ ಸಂಜೆ ಎಲ್ಲರ ಮುಖದ ಗೆಲುವು ನೋಡದೆ ಹೋಗುತ್ತಾರೆ.

ಹೋಗುವುದು ಖಾತ್ರಿಯಾದರೆ ಮನೆಯಲ್ಲಿರುವವರಿಗೆ ಮೊದಲು ಹೇಳಿ, ಟಿಕೆಟ್ ತೆಗೆದ ಮೇಲೆ ಬೇಡ. ಅಕ್ಟೋಬರ್ ಒಳಗೆ ಹೇಳಿದರೆ ಒಳ್ಳೆಯದು, ಕೊಯ್ಲಿಗೆ ಎಷ್ಟು ಜನರನ್ನು ಹೇಳಬೇಕು ಅಂತ ಅವರು ಲೆಕ್ಕ ಹಾಕುವುದು ಆಗಲೇ. ಅಪ್ಪ ಅಮ್ಮನ ಔಷಧಿ, ಆಸ್ಪತ್ರೆ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು, ಯಾವ ತಾರೀಖಿಗೆ ಕಳಿಸುತ್ತೀರಿ ಅನ್ನುವುದನ್ನು ಕೂತು ಬರೆದುಕೊಳ್ಳಿ. ಕಳೆದ ವರ್ಷ ಡಬ್ಲಿನ್‌ಗೆ ವಾಪಸ್ ಹೋದ ಗೆಳತಿ ಒಬ್ಬರು ಪ್ರತಿ ಭಾನುವಾರ ತಮ್ಮನಿಗೆ ಫೋನ್ ಮಾಡುತ್ತಾರೆ. "ಆರಾಮಾ?" ಅಂತ ಅವರು ಈಗ ಕೇಳುವುದಿಲ್ಲ. "ಈ ವಾರ ಎಷ್ಟು ಸೆಂಟ್ ಬಂತು?" ಅಂತ ಕೇಳುತ್ತಾರೆ. ಹೋದ ಭಾನುವಾರ ಒಂದು ಇಂಚು ನಲವತ್ತು ಸೆಂಟ್ ಅಂದನಂತೆ, ಮುಕ್ಕಾಲು ಗಂಟೆ ಮಾತಾಡಿದರಂತೆ.